ಮೈಸೂರು ಕಡೆಯಿಂದ ಊಟಿಗೆ: ಘಾಟಿ, ಚಳಿ ಮತ್ತು ಹೊತ್ತಿನ ಲೆಕ್ಕ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ 2,240 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಶಾಖ ಇಳಿಯುತ್ತದೆ. ಹಾಗಾಗಿ ಒಂದೇ ಹೊತ್ತಿನಲ್ಲಿ ಈ ಎರಡು ಊರುಗಳ ನಡುವೆ ಒಂಬತ್ತು ಹತ್ತು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ಸೂರ್ಯ ಮಾತ್ರ ಉಷ್ಣವಲಯದವನೇ, ನೆತ್ತಿಯ ಮೇಲೇ ನಿಲ್ಲುತ್ತಾನೆ. ಮೇಲಿನ ತೆಳು ಗಾಳಿ ಅವನ ಬಿಸಿಲನ್ನು ಕಡಿಮೆ ತಡೆಯುತ್ತದೆ. ಮೈಗೆ ತಂಪು ತಾಗುತ್ತಿರುವುದರಿಂದ ಮುಖ, ಕತ್ತು, ಕಿವಿ ಸುಡುತ್ತಿರುವುದು ಸಂಜೆ ಕನ್ನಡಿ ನೋಡುವವರೆಗೆ ತಿಳಿಯುವುದಿಲ್ಲ. ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಅಂಚುಳ್ಳ ಟೋಪಿ, ಸಂಜೆ ಮತ್ತೆ ಶಾಲು ಎಂದು ಇಟ್ಟುಕೊಂಡರೆ ಪ್ರವಾಸದ ಅರ್ಧ ತೊಂದರೆ ಅಲ್ಲೇ ತೀರಿತು.

ಯಾವ ತಿಂಗಳು, ಯಾವ ಮಗ್ಗುಲು

ನೀಲಗಿರಿಗೆ ಎರಡು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಪಶ್ಚಿಮದಿಂದ ಬಂದು ಗೂಡಲೂರು, ಪೈಕಾರ, ಅವಲಾಂಚೆ ಕಡೆ ಸುರಿಯುತ್ತದೆ. ಅವಲಾಂಚೆಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿದ್ದಿತ್ತು. ಅದೇ ಹೊತ್ತಿಗೆ ಬೆಟ್ಟದ ಮರೆಯಲ್ಲಿರುವ ಕೂನೂರು, ಕೋತಗಿರಿಗಳಲ್ಲಿ ಮಳೆ ಎಷ್ಟೋ ಕಡಿಮೆ. ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರು ಪೂರ್ವದಿಂದ ಬರುವುದರಿಂದ ಲೆಕ್ಕ ತಿರುಗುತ್ತದೆ: ಆಗ ಕೂನೂರು ಘಾಟಿಯಲ್ಲಿ ಮಣ್ಣು ಕುಸಿಯುತ್ತದೆ, ರೈಲು ದಿನಗಟ್ಟಲೆ ನಿಲ್ಲುವುದೂ ಉಂಟು. ಜುಲೈನಲ್ಲೇ ಹೋಗಬೇಕಾದರೆ ಕೋತಗಿರಿ ಅಥವಾ ಕೂನೂರಿನಲ್ಲಿ ತಂಗಿ, ನವೆಂಬರಿನಲ್ಲಾದರೆ ಊಟಿಯಲ್ಲಿ ತಂಗಿ ಗೂಡಲೂರು ರಸ್ತೆಯ ಕಡೆ ಸುತ್ತಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ಹವೆ ಹಿತ, ಮೇನಲ್ಲಿ ಸಸ್ಯೋದ್ಯಾನದ ಹೂವಿನ ಪ್ರದರ್ಶನವೂ ಇರುತ್ತದೆ. ಆದರೆ ವಾರಾಂತ್ಯದಲ್ಲಿ ಊಟಿ ಪೇಟೆಯ ಚೇರಿಂಗ್ ಕ್ರಾಸ್ ವೃತ್ತ ದಾಟಲು ಬೇಕಾಗುವ ಹೊತ್ತಿನಲ್ಲಿ ದೊಡ್ಡಬೆಟ್ಟಕ್ಕೆ ಹೋಗಿ ಬರಬಹುದು. ಫೆಬ್ರವರಿ ಮತ್ತು ಮಾರ್ಚ್ ಮೊದಲ ಭಾಗ ಎಲ್ಲಕ್ಕಿಂತ ಉತ್ತಮ: ಆಕಾಶ ತಿಳಿ, ಜನ ಕಡಿಮೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ತಲೈಕುಂದಾದಂಥ ತಗ್ಗು ಬಯಲುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುತ್ತದೆ. ಅದನ್ನು ನೋಡಬೇಕಾದರೆ ಸೂರ್ಯ ಏರುವ ಮೊದಲೇ ಅಲ್ಲಿರಬೇಕು. ಬಿಸಿಲು ಬಿದ್ದರೆ ಅರ್ಧ ಗಂಟೆಯಲ್ಲಿ ಕರಗಿಹೋಗುತ್ತದೆ.

ಹೊರಡುವ ಮೊದಲು

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನೂ ಹಾಕಿದ್ದರು. ಗಾಡಿಯ ನಂಬರು, ಜನರ ಲೆಕ್ಕ, ತಂಗುವ ಜಾಗ ಕೊಟ್ಟು ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಪಡೆದು, ಫೋನಿನಲ್ಲಿ ಉಳಿಸಿಕೊಳ್ಳಿ. ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಿಯಮ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ತಾಪತ್ರಯವಿಲ್ಲ.

ಒಂದು, ಎರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳಬಹುದು. ತಲೆಗೊಂದು ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ, ಊಟಿಯಲ್ಲಿ ನೀರು ತುಂಬಿಸುವ ಯಂತ್ರಗಳಿವೆ.

ಬಟ್ಟೆ ವಿಷಯದಲ್ಲಿ ಒಂದೇ ದಪ್ಪ ಜಾಕೆಟ್ ನಂಬಬೇಡಿ. ಒಳಗೆ ಹತ್ತಿಯ ಅಂಗಿ, ಮೇಲೆ ತೆಳು ಉಣ್ಣೆ ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಹಗುರ ಜಾಕೆಟ್: ಹೀಗೆ ಮೂರು ಪದರ ಇದ್ದರೆ ಹೊತ್ತಿಗೆ ತಕ್ಕಂತೆ ಕಳಚಬಹುದು. ಕಾಲುಚೀಲ ದಿನಕ್ಕೆರಡು ಜೊತೆ ಬೇಕು. ಒದ್ದೆಯಾದ ಹತ್ತಿ ಅಲ್ಲಿ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಮಲೆನಾಡಿನ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಗಾಳಿಗೆ ಕೊಡೆ ಮಗುಚುತ್ತದೆ, ರೇನ್‌ಕೋಟ್ ಇರಲಿ. ಏನಾದರೂ ಮರೆತರೆ ಸಸ್ಯೋದ್ಯಾನದ ಹತ್ತಿರ ಟಿಬೆಟನ್ನರ ಸ್ವೆಟರ್ ಅಂಗಡಿಗಳಿವೆ.

ದಾರಿ

ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದರೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಮೇಲೆ ಊಟಿ ಬರೀ 36 ಕಿಲೋಮೀಟರ್. ಗೂಡಲೂರಿನ ಮೇಲಾದರೆ 67. ಫೋನಿನ ನಕ್ಷೆ ಗಿಡ್ಡ ದಾರಿಯನ್ನೇ ತೋರಿಸುತ್ತದೆ. ಆದರೆ ಕಲ್ಲಟ್ಟಿ ಘಾಟಿ 36 ಹೇರ್‌ಪಿನ್ ತಿರುವುಗಳ ಕಡಿದಾದ ಏರು. ಕುಟುಂಬ ತುಂಬಿದ ಗಾಡಿ, ಹಳೆಯ ಕ್ಲಚ್, ಬೆಟ್ಟದಲ್ಲಿ ಕೈ ಪಳಗದ ಚಾಲಕ, ಇವುಗಳಲ್ಲಿ ಯಾವುದೊಂದಿದ್ದರೂ ಗೂಡಲೂರು ದಾರಿ ಹಿಡಿಯಿರಿ. ಕಲ್ಲಟ್ಟಿಯಲ್ಲಿ ಇಳಿಯಲು ಹೊರಗಿನ ವಾಹನಗಳನ್ನು ಬಿಡುವುದಿಲ್ಲ. ಬ್ರೇಕ್ ಕೈಕೊಟ್ಟು ಆದ ಅಪಘಾತಗಳೇ ಇದಕ್ಕೆ ಕಾರಣ.

ಬ್ರೇಕ್ ಕೈಕೊಡುವುದು ಹೇಗೆಂದು ತಿಳಿದಿರಬೇಕು. ಇಳಿಜಾರಿನಲ್ಲಿ ಪೆಡಲನ್ನು ಬಿಡದೆ ಒತ್ತಿ ಹಿಡಿದರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ಆಯಿಲ್ ಕುದಿದರೆ ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ. ಆದ್ದರಿಂದ ಇಳಿಯುವಾಗ ಎರಡನೇ ಗೇರು, ಕಡಿದಾದ ತಿರುವಿನಲ್ಲಿ ಒಂದನೇ ಗೇರು. ಎಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಳಸಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಡಿ ಬಿಟ್ಟು ಎಲ್ ಅಥವಾ ಮ್ಯಾನುಯಲ್‌ಗೆ ಹಾಕಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ನೀರು ಎರಚಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಯೋಚನೆಯನ್ನಂತೂ ಮಾಡಲೇಬೇಡಿ. ಏರುವ ಗಾಡಿಗೆ ದಾರಿ ಬಿಡುವುದು ಘಾಟಿಯ ನಿಯಮ, ಅದು ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ.

ವಾಂತಿ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಫೋನ್ ನೋಡಲು ಬಿಡಬೇಡಿ. ಹೊಟ್ಟೆ ಬಿರಿಯುವಷ್ಟು ತಿನ್ನುವುದೂ ಬೇಡ, ಖಾಲಿ ಹೊಟ್ಟೆಯೂ ಬೇಡ: ಎರಡು ಇಡ್ಲಿ ಸಾಕು. ವಾಂತಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಘಾಟಿಗೆ ಒಂದೆರಡು ಗಂಟೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಪ್ರಯೋಜನವಿಲ್ಲ. ಇವುಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ, ಗಾಡಿ ಓಡಿಸುವವರು ಮುಟ್ಟಬಾರದು.

ಬಂಡೀಪುರ, ಮುದುಮಲೈ ಕಾಡಿನಲ್ಲಿ ಇಳಿಯುವುದು, ಮಂಗಗಳಿಗೆ ತಿಂಡಿ ಎಸೆಯುವುದು ಬೇಡ. ತಿಂಡಿಯ ಆಸೆಗೆ ರಸ್ತೆಗೆ ಬರುವ ಪ್ರಾಣಿಯೇ ಮುಂದಿನ ಗಾಡಿಯ ಚಕ್ರಕ್ಕೆ ಸಿಗುವುದು.

ರೂಮು ಕೇಳುವಾಗ

ಬಾಡಿಗೆಗಿಂತ ಮೊದಲು ಬಿಸಿನೀರಿನ ಹೊತ್ತು ಕೇಳಿ. ಹಲವು ಕಡೆ ಬೆಳಿಗ್ಗೆ ಎರಡು ಮೂರು ಗಂಟೆ ಮಾತ್ರ ಬಿಡುತ್ತಾರೆ. ಸೋಲಾರ್ ಒಂದೇ ಇದ್ದರೆ ಮೋಡದ ದಿನ ನೀರು ಕಾಯುವುದಿಲ್ಲ. ಎರಡನೆಯದು ಗೋಡೆ: ಒಳಗೆ ಕಾಲಿಟ್ಟಾಗ ಬೂಷ್ಟಿನ ವಾಸನೆ ಬಂದರೆ, ಕಪಾಟಿನ ಹಿಂದೆ ಕಪ್ಪು ಕಲೆ ಕಂಡರೆ ಬೇರೆ ರೂಮು ಕೇಳಿ, ದಮ್ಮು ಇರುವವರಿಗೆ ಅದು ರಾತ್ರಿಯಿಡೀ ಕಾಟ. ಪೂರ್ವಕ್ಕೆ ಕಿಟಕಿ ಇರುವ ಕೋಣೆ ಬೇಗ ಬೆಚ್ಚಗಾಗುತ್ತದೆ. ವಯಸ್ಸಾದವರಿದ್ದರೆ ಕೂನೂರೇ ವಾಸಿ, ಸುಮಾರು 400 ಮೀಟರ್ ತಗ್ಗಿನಲ್ಲಿರುವುದರಿಂದ ಚಳಿ ಎರಡು ಮೂರು ಡಿಗ್ರಿ ಕಡಿಮೆ.

ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗಲೇಬಾರದು. ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ತುಂಬಿ ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಳಿ ತಡೆಯದಿದ್ದರೆ ಇನ್ನೊಂದು ಕಂಬಳಿ ಕೇಳಿ.

ಸ್ವಂತ ಅಡುಗೆ ಮಾಡಿಕೊಳ್ಳುವವರು ಕುಕ್ಕರ್ ತರಲಿ. ಊಟಿಯ ಎತ್ತರದಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅನ್ನ ಬೇಯಲು ಹೊತ್ತು ಹಿಡಿಯುತ್ತದೆ, ಬೇಳೆ ಬೇಯುವುದೇ ಇಲ್ಲ ಎನ್ನಿಸುತ್ತದೆ.

ಬೆಳಿಗ್ಗೆ ಎತ್ತರ, ಮಧ್ಯಾಹ್ನ ತೋಟ

ಬಯಲಿನಿಂದ ಏರುವ ಬಿಸಿಗಾಳಿ ಹನ್ನೊಂದರ ಹೊತ್ತಿಗೆ ಶಿಖರಗಳ ಮೇಲೆ ಮೋಡ ಕಟ್ಟುತ್ತದೆ. 2,637 ಮೀಟರಿನ ದೊಡ್ಡಬೆಟ್ಟಕ್ಕೆ ಮಧ್ಯಾಹ್ನ ಹೋದವರು ಬಿಳಿ ಗೋಡೆ ನೋಡಿ ಇಳಿಯುತ್ತಾರೆ. ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ. ದೊಡ್ಡಬೆಟ್ಟ ಎಂಬ ಹೆಸರು ನಮಗೆ ಅನುವಾದ ಬೇಡದಷ್ಟು ಹತ್ತಿರದ್ದು. ಇಲ್ಲಿನ ಬಡಗ ಸಮುದಾಯದವರು ಬಡಗಣದಿಂದ, ಅಂದರೆ ಉತ್ತರದಿಂದ ಬಂದವರು, ಅವರ ನುಡಿ ಕನ್ನಡದ ಬಳಗದ್ದು. ಚಹಾ ಅಂಗಡಿಯಲ್ಲಿ ನಿಧಾನವಾಗಿ ಕನ್ನಡದಲ್ಲೇ ಮಾತಾಡಿಸಿ, ಎಷ್ಟೋ ಸಲ ಉತ್ತರ ಬರುತ್ತದೆ.

1848ರಲ್ಲಿ ಶುರುವಾದ ಸಸ್ಯೋದ್ಯಾನ 55 ಎಕರೆ, ಇಳಿಜಾರಿನಲ್ಲಿದೆ. ಅದಕ್ಕೆ ಎರಡೂವರೆ ಗಂಟೆ ಬೇಕು. ಮೇಲ್ತುದಿಯಲ್ಲಿ ತೊದವ ಬುಡಕಟ್ಟಿನವರ ಮಂದು, ಅಂದರೆ ಹಟ್ಟಿ ಇದೆ, ಕೇಳದೆ ಫೋಟೊ ತೆಗೆಯಬಾರದು. ಫರ್ನ್‌ಹಿಲ್‌ನಲ್ಲಿ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನವಿದೆ, ಗದ್ದಲ ಬೇಡದವರಿಗೆ ಅದೇ ಲೇಸು. ಕೆರೆಯ ದೋಣಿಗೆ ಸಮಯವಿದ್ದರೆ ಹೋಗಿ, ಇಲ್ಲದಿದ್ದರೆ ನಷ್ಟವಿಲ್ಲ. ಪೈಕಾರ ಗೂಡಲೂರು ರಸ್ತೆಯಲ್ಲೇ ಇರುವುದರಿಂದ ಬರುವ ದಿನವೇ ಮುಗಿಸಿ.

ಬೆಟ್ಟದ ಪುಟ್ಟ ರೈಲಿಗೆ ಮಾತ್ರ ಸಮಯ ಮೀಸಲಿಡಬೇಕು. ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್, 208 ತಿರುವು, 16 ಸುರಂಗ, 250 ಸೇತುವೆ. ಆದರೆ ಕಡಿದಾದ ಏರಿನಲ್ಲಿ ಹಿಡಿತ ಕೊಡುವ ಹಲ್ಲುಪಟ್ಟಿ ಹಳಿಗಳ ನಡುವೆ ಇರುವುದು ಕಲ್ಲಾರಿನಿಂದ ಕೂನೂರಿನವರೆಗೆ, ಉಗಿ ಎಂಜಿನ್ ಇರುವುದೂ ಮೆಟ್ಟುಪಾಳ್ಯಂ–ಕೂನೂರು ನಡುವೆ. ಊಟಿಯಿಂದ ಕೂನೂರಿಗೆ ಹೋಗಿ ಬರುವವರು ಡೀಸೆಲ್ ಎಂಜಿನ್ನಿನ ಭಾಗವನ್ನಷ್ಟೇ ಕಾಣುತ್ತಾರೆ, ಅದೂ ಕೇತಿ ಕಣಿವೆಯಿಂದಾಗಿ ಚೆಂದವೇ. ಪೂರ್ತಿ ನೋಡಬೇಕೆಂದರೆ ಬಸ್ಸಿನಲ್ಲಿ ಊಟಿಗೆ ಬಂದು, ಹಿಂದಿರುಗುವಾಗ ಮಧ್ಯಾಹ್ನ 2 ಗಂಟೆಯ ರೈಲಿನಲ್ಲಿ ಮೆಟ್ಟುಪಾಳ್ಯಂಗೆ ಇಳಿದು, ಕೊಯಮತ್ತೂರಿನಿಂದ ಬೆಂಗಳೂರಿನ ರಾತ್ರಿ ರೈಲು ಹಿಡಿಯಿರಿ. ಸೀಟು ಬೇಗ ತುಂಬುತ್ತವೆ, ಬುಕಿಂಗ್ ತೆರೆಯುವ 60ನೇ ದಿನವೇ ಮಾಡಿಸಿ.

ವಾಪಸ್ ಹೊರಡುವಾಗ

ಚಾಕೊಲೇಟನ್ನು ಕೊನೆಯ ದಿನ ಕೊಂಡು, ಉಣ್ಣೆಬಟ್ಟೆಯ ನಡುವೆ ಸುತ್ತಿಡಿ. ಡಿಕ್ಕಿಯ ಮೇಲಿನ ಗಾಜಿನ ಪಕ್ಕ ಇಟ್ಟರೆ ಗುಂಡ್ಲುಪೇಟೆಗೆ ಬರುವಷ್ಟರಲ್ಲಿ ಮೆತ್ತಗಾಗಿ, ಆಮೇಲೆ ಬಿಳಿ ಬೂದಿ ಹಿಡಿಯುತ್ತದೆ. ವರ್ಕಿ ಎಂಬ ಊಟಿಯ ಗರಿಗರಿ ತಿನಿಸು ಗಾಳಿ ಹೋಗದ ಡಬ್ಬಿಯಲ್ಲಿರಲಿ. ಇಳಿಯುವಾಗ ಮಕ್ಕಳ ಕಿವಿ ಕಟ್ಟಿಕೊಂಡು ಅಳುತ್ತವೆ, ಸ್ವಲ್ಪ ಸ್ವಲ್ಪ ನೀರು ಕುಡಿಸುತ್ತಿರಿ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿಯಿಂದ ಗೂಡಲೂರಿಗೆ 50 ಕಿಲೋಮೀಟರ್, ಎರಡು ಗಂಟೆ. ಅಲ್ಲಿಂದ ಕಾಡು ದಾಟಲು ಒಂದೂವರೆ ಗಂಟೆ. ಮೇಲೆ ಮಂಜು, ಗೂಡಲೂರು ಪೇಟೆಯಲ್ಲಿ ಗಾಡಿಗಳ ಸಾಲು ಸೇರಿದರೆ ಇನ್ನೊಂದು ಗಂಟೆ. ಮಧ್ಯಾಹ್ನ ಮೂರಕ್ಕೆ ಊಟಿ ಬಿಟ್ಟರೆ ಕತ್ತಲಾಗುವ ಮೊದಲೇ ಘಾಟಿ ಇಳಿದು, ಗೇಟು ಹಾಕುವ ಎಷ್ಟೋ ಮುಂಚೆ ಗುಂಡ್ಲುಪೇಟೆ ಸೇರುತ್ತೀರಿ.