ಮುಂದಿನ ಸೀಸನ್‌ಗೆ ಯಾವ ಟೀಮ್? ನಾನು ತೀರ್ಮಾನ ಮಾಡಿದ ಬಗೆ

ಸೀಸನ್‌ನ ಕೊನೆಯ ರೌಂಡ್ ಹತ್ತಿರ ಬಂದ ಹಾಗೆ ನಮ್ಮ ಪ್ಯಾಡಾಕ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಬೈಕ್ ರೇಸ್ ಟೀಮ್‌ಗಳು ಬಿಡಾರ ಹೂಡುವ ಜಾಗದಲ್ಲಿ, ಮಾತೇ ಬದಲಾಗುತ್ತದೆ. ಲ್ಯಾಪ್ ಟೈಮ್ ವಿಷಯ ಪಕ್ಕಕ್ಕೆ ಸರಿಯುತ್ತದೆ. ಯಾರು ಯಾವ ಟೀಮ್‌ಗೆ ಹೋಗ್ತಾರಂತೆ, ಯಾವ ಸೀಟು ಖಾಲಿ ಆಗ್ತಿದೆಯಂತೆ, ಇದೇ ಮಾತು. ಕಳೆದ ಸೀಸನ್ ಮುಗಿಯುವಾಗ ನನ್ನ ಮುಂದೆಯೂ ಆಯ್ಕೆಗಳು ಇದ್ದವು. ಹೇಗೆ ಯೋಚನೆ ಮಾಡಿದೆ, ಏನು ಕೇಳಿದೆ, ಯಾಕೆ ಅದನ್ನೇ ಆರಿಸಿದೆ ಅಂತ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಈಗ ತುಂಬಾ ಹುಡುಗರು, ಹುಡುಗಿಯರು ರೇಸಿಂಗ್‌ಗೆ ಬರುತ್ತಿದ್ದಾರೆ. ಬೈಕ್ ಜೋರಾಗಿ ಓಡಿಸುವುದನ್ನು ಕಲಿಸುವವರು ಸಿಗುತ್ತಾರೆ, ಈ ವಿಷಯ ಹೇಳಿಕೊಡುವವರು ಸಿಗುವುದಿಲ್ಲ.

ನಾನು ಬೆಂಗಳೂರಿನವನು. ಓಡಿಸುವುದು ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ 301-400 ಸಿಸಿ ಪ್ರೊ-ಸ್ಟಾಕ್ ಕ್ಲಾಸ್‌ನಲ್ಲಿ, ಅಂದರೆ ಶೋರೂಮ್ ಬೈಕನ್ನೇ ಸ್ವಲ್ಪ ಬದಲಾಯಿಸಿ ಓಡಿಸುವ ಕ್ಲಾಸ್‌ನಲ್ಲಿ. ನಮ್ಮ ರೌಂಡ್‌ಗಳು ಹೆಚ್ಚಾಗಿ ನಡೆಯುವುದು ಚೆನ್ನೈ ಹತ್ತಿರ, ಶ್ರೀಪೆರಂಬದೂರು ಪಕ್ಕದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ. ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್ ಅದು. ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಕರ್ನಾಟಕದಲ್ಲಿ ಅಂಥದ್ದೊಂದು ಟ್ರ್ಯಾಕ್ ಇಲ್ಲ. ಚೆನ್ನೈ ರೈಡರ್ ಮನೆಯಿಂದ ಬೆಳಿಗ್ಗೆ ಹೊರಟು ಪ್ರಾಕ್ಟೀಸ್ ಮುಗಿಸಿ ಸಂಜೆ ಮನೆ ಸೇರುತ್ತಾನೆ. ನಾವು ಬೈಕನ್ನು ವ್ಯಾನಿಗೆ ಹಾಕಿಕೊಂಡು ಮುನ್ನೂರು ಕಿ.ಮೀ. ಹೋಗಬೇಕು, ಟ್ರ್ಯಾಕ್ ಬಾಡಿಗೆ ಕೊಡಬೇಕು, ರೂಮು ಮಾಡಬೇಕು. ಹಾಗಾಗಿ ಟೀಮ್ ನಮಗೆ ಬರೀ ಬೈಕ್ ಕೊಡುವವರಲ್ಲ. ನಮಗೆ ಟ್ರ್ಯಾಕ್ ಸಿಗುವುದೇ ಟೀಮ್ ಮೂಲಕ.

ನನ್ನ ಮುಂದೆ ಇದ್ದದ್ದು ಮೂರು. ಮೊದಲನೆಯದು, ಇದ್ದ ಟೀಮ್‌ನಲ್ಲೇ ಉಳಿಯುವುದು. ಬೆಂಗಳೂರಿನದೇ ಚಿಕ್ಕ ಪ್ರೈವೇಟ್ ಟೀಮ್, ಓನರ್ ತಮ್ಮ ಗ್ಯಾರೇಜ್ ದುಡಿಮೆಯಿಂದ ನಡೆಸುತ್ತಿದ್ದರು. ಎರಡನೆಯದು, ಒಂದು ಕಂಪನಿ ಟೀಮ್‌ನಲ್ಲಿ ಎರಡನೇ ರೈಡರ್ ಸೀಟು. ಮೂರನೆಯದು, ಒಂದು ಒನ್-ಮೇಕ್ ಸರಣಿ.

ಒನ್-ಮೇಕ್ ವಿಷಯ ಮೊದಲು ಮುಗಿಸುತ್ತೇನೆ. ಎಲ್ಲರಿಗೂ ಒಂದೇ ಬೈಕು, ಒಂದೇ ಟೈರು. ಟಿವಿಎಸ್‌ನವರದ್ದು, ಹೋಂಡಾದವರದ್ದು, ರಾಯಲ್ ಎನ್‌ಫೀಲ್ಡ್‌ನವರ ಕಾಂಟಿನೆಂಟಲ್ ಜಿಟಿ ಕಪ್, ಇವೆಲ್ಲ ಈ ಬಗೆಯವೇ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚು ಕಮ್ಮಿ, ಮುಂದಿನವನು ಫಾಸ್ಟ್ ಇದ್ದರೆ ಅದು ಅವನ ಕೈಚಳಕ ಅಂತ ಗೊತ್ತಾಗುತ್ತದೆ, ಟೀಮ್ ಮ್ಯಾನೇಜರ್‌ಗಳ ಕಣ್ಣು ಕೂಡ ಅಲ್ಲೇ ಇರುತ್ತದೆ. 2022ರಿಂದ ಟಿವಿಎಸ್‌ನ ಏಷ್ಯಾ ಒನ್-ಮೇಕ್ ಕೂಡ ಇದೆ, ಏಷ್ಯಾ ರೋಡ್ ರೇಸಿಂಗ್ ಚಾಂಪಿಯನ್‌ಶಿಪ್ ಜೊತೆಗೇ ಅದರ ರೇಸ್ ನಡೆಯುತ್ತದೆ. ಆದರೆ ಅಲ್ಲಿ ಬೈಕ್‌ಗೆ ಕೈ ಹಾಕಲು ಅವಕಾಶ ತುಂಬಾ ಕಡಿಮೆ. ನಾನು ಅಲ್ಲಿಂದಲೇ ಬಂದವನು. ಈಗ ನನಗೆ ಬೇಕಿದ್ದದ್ದು ಬೈಕ್ ಸೆಟಪ್ ಕಲಿಯುವ ಜಾಗ. ಅದಕ್ಕೇ ಅದನ್ನು ಬಿಟ್ಟೆ.

ಉಳಿದ ಎರಡನ್ನು ತೂಗುವುದು ಸುಲಭ ಇರಲಿಲ್ಲ. ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು: "ಕಂಪನಿ ಟೀಮ್ ಕರೀತಿದೆ, ಇನ್ನೇನು ಯೋಚನೆ?" ಸಂಬಳ ಬರುತ್ತದೆ, ಕ್ರ್ಯಾಶ್ ಆದರೆ ಬಿಲ್ಲು ನಮ್ಮ ತಲೆ ಮೇಲೆ ಬರುವುದಿಲ್ಲ, ಟ್ರಕ್ಕು, ಟೆಂಟು, ಮೈಮೇಲೆ ಕಂಪನಿ ಹೆಸರು. ಇದೆಲ್ಲ ನಿಜವೇ. ಆದರೆ ಎರಡನೇ ರೈಡರ್ ಅಂದರೆ ಏನು ಅಂತಲೂ ಪ್ಯಾಡಾಕ್‌ನಲ್ಲಿ ಇದ್ದವರಿಗೆ ಗೊತ್ತು. ಹೊಸ ಪಾರ್ಟ್ ಮೊದಲು ನಂಬರ್ ಒನ್‌ಗೆ. ಟೆಸ್ಟ್ ದಿನ ಮೊದಲು ನಂಬರ್ ಒನ್‌ಗೆ. ಒಳ್ಳೆ ಮೆಕ್ಯಾನಿಕ್ ಕೂಡ ಆ ಕಡೆಗೇ.

ಹಾಗಾಗಿ ನಾನು ಎರಡೂ ಕಡೆ ಮೊದಲು ಕೇಳಿದ್ದು ದುಡ್ಡಿನ ಬಗ್ಗೆ ಅಲ್ಲ. ಮೊದಲ ರೌಂಡ್‌ಗೆ ಮುಂಚೆ ನನಗೆ ಎಷ್ಟು ದಿನ ಟೆಸ್ಟಿಂಗ್ ಸಿಗುತ್ತದೆ? ಆ ದಿನ ಬೈಕ್ ಪೂರ್ತಿ ನನ್ನದಾ, ಬೇರೆಯವರ ಜೊತೆ ಹಂಚಿಕೊಳ್ಳಬೇಕಾ? ರೌಂಡ್‌ಗಳ ಮಧ್ಯೆ ಟೆಸ್ಟ್ ಇದೆಯಾ? ನಮ್ಮ ರೇಸ್‌ಗಳು ಚಿಕ್ಕವು, ಹತ್ತು ಲ್ಯಾಪ್ ಆಸುಪಾಸು, ಕೆಲವು ಸಲ ಅಷ್ಟೂ ಇಲ್ಲ. ರೇಸ್ ವೀಕೆಂಡ್‌ನಲ್ಲಿ ಪ್ರಾಕ್ಟೀಸ್, ಕ್ವಾಲಿಫೈಯಿಂಗ್ ಅಂತ ಓಡಾಡುವುದರಲ್ಲೇ ಸಮಯ ಮುಗಿಯುತ್ತದೆ. ಅಲ್ಲಿ ಹೊಸದಾಗಿ ಏನೂ ಕಲಿಯಲು ಆಗುವುದಿಲ್ಲ. ಕಲಿಯುವುದೆಲ್ಲ ಟೆಸ್ಟಿಂಗ್‌ನಲ್ಲೇ.

ಪ್ರೈವೇಟ್ ಟೀಮ್ ಓನರ್ ನೇರವಾಗಿ ಹೇಳಿದರು. ಟೈರಿಗೆ, ಟ್ರ್ಯಾಕ್ ಬಾಡಿಗೆಗೆ ಇರುವ ದುಡ್ಡಿನಲ್ಲಿ ಇಷ್ಟೇ ಆಗುತ್ತದೆ, ಉಳಿದದ್ದು ಬೆಂಗಳೂರಿನ ಹೊರಗಿನ ಗೋ-ಕಾರ್ಟ್ ಟ್ರ್ಯಾಕ್‌ನಲ್ಲಿ ಚಿಕ್ಕ ಬೈಕ್ ಮೇಲೆ ಮಾಡಿಕೊಳ್ಳಬೇಕು ಅಂತ. ಆ ನೇರ ಮಾತಿಗೆ ನಾನು ಇವತ್ತಿಗೂ ಕೃತಜ್ಞ. ಕಂಪನಿ ಟೀಮ್‌ನಲ್ಲಿ ದಿನಗಳು ಜಾಸ್ತಿ ಇದ್ದವು, ಆದರೆ ಬರವಣಿಗೆಯಲ್ಲಿ ಏನೂ ಇರಲಿಲ್ಲ.

ಸೈನ್ ಮಾಡುವ ಮುಂಚೆ ಕಂಪನಿ ಟೀಮ್‌ನ ಬೈಕ್ ಒಮ್ಮೆ ಓಡಿಸಿ ನೋಡಬೇಕು ಅಂತ ಕೇಳಿದೆ. ಒಪ್ಪಿದರು. ನನ್ನ ತೀರ್ಮಾನಕ್ಕೆ ಅರ್ಧ ಕಾರಣ ಅವತ್ತು ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಬೈಕ್ ಸರಿ ಮಾಡುವ ಜಾಗ) ನಡೆದ ಒಂದು ಚಿಕ್ಕ ಮಾತುಕತೆ.

ಎರಡನೇ ರನ್ ಮುಗಿಸಿ ಒಳಗೆ ಬಂದೆ. ತಿರುವು ಮುಗಿಯುವಾಗ ಬೈಕ್ ನಾನು ಅಂದುಕೊಂಡ ಗೆರೆ ಬಿಟ್ಟು ಹೊರಗೆ ಹೋಗುತ್ತಿತ್ತು. ಮೆಕ್ಯಾನಿಕ್ ತಮಿಳಿನವರು, ಹೊಸೂರು ಕಡೆ ಇದ್ದುದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. "ಬೈಕು ಆಚೆ ಓಡ್ತಿದೆ ಅಣ್ಣಾ" ಅಂದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊಣಕಾಲೂರಿ ಪಕ್ಕದಲ್ಲಿ ಕೂತು ಕೇಳಿದರು: "ಬ್ರೇಕ್ ಬಿಟ್ಟ ಕೂಡಲೇನಾ, ಇಲ್ಲಾ ಥ್ರಾಟಲ್ ಕೊಟ್ಟ ಮೇಲಾ?"

ಈ ಪ್ರಶ್ನೆಯ ಬೆಲೆ ಓಡಿಸುವವರಿಗೆ ಗೊತ್ತು. ಬ್ರೇಕ್ ಬಿಟ್ಟ ಕೂಡಲೇ ಹೊರಗೆ ಹೋದರೆ ಮುಂದಿನ ಫೋರ್ಕ್, ಅಂದರೆ ಮುಂದಿನ ಸಸ್ಪೆನ್ಷನ್, ಬೇಗ ಮೇಲೆದ್ದು ಬರುತ್ತಿದೆ ಅಂತ ಅನುಮಾನ ಪಡಬೇಕು. ಥ್ರಾಟಲ್ ಕೊಟ್ಟ ಮೇಲೆ ಹೋದರೆ ಹಿಂದಿನ ಸಸ್ಪೆನ್ಷನ್ ಕುಸಿಯುತ್ತಿದೆ, ಮುಂದಿನ ಟೈರಿನ ಮೇಲೆ ಭಾರ ಕಮ್ಮಿಯಾಗುತ್ತಿದೆ. ಎರಡಕ್ಕೂ ಮದ್ದು ಬೇರೆ ಬೇರೆ. ನಾನು ಒಂದು ಕ್ಷಣ ಕಣ್ಣು ಮುಚ್ಚಿ ಆ ತಿರುವನ್ನು ಮನಸ್ಸಿನಲ್ಲಿ ಮತ್ತೆ ಓಡಿಸಿದೆ. "ಥ್ರಾಟಲ್ ಕೊಟ್ಟ ಮೇಲೆ" ಅಂದೆ. ಅವರು ಹಿಂದಿನ ಟೈರ್ ಮೇಲೆ ಅಂಗೈ ಇಟ್ಟು ಸವರಿ, ರಬ್ಬರ್ ಹೇಗೆ ಸವೆದಿದೆ ಅಂತ ನೋಡಿದರು. ಹಿಂದಿನ ಪ್ರಿಲೋಡ್, ಅಂದರೆ ಸಸ್ಪೆನ್ಷನ್ ಸ್ಪ್ರಿಂಗ್, ಒಂದು ಸುತ್ತು ಬಿಗಿ ಮಾಡಿದರು. ಬೇರೆ ಏನನ್ನೂ ಮುಟ್ಟಲಿಲ್ಲ. "ಒಂದೇ ಬದಲಾವಣೆ. ಮೂರು ಲ್ಯಾಪ್ ಹೋಗಿ ಬನ್ನಿ, ಆಮೇಲೆ ಮಾತಾಡೋಣ" ಅಂದರು. ಹೋಗಿ ಬಂದೆ. ಬೈಕ್ ಗೆರೆ ಮೇಲೆ ನಿಂತಿತ್ತು.

ಕೆಲವು ವರ್ಷಗಳ ಹಿಂದೆ ಬೇರೊಂದು ಕಡೆ ಇದೇ ಮಾತು ಹೇಳಿದಾಗ "ಇದೇ ಬೈಕಲ್ಲಿ ಅವನು ನಿನಗಿಂತ ಫಾಸ್ಟ್ ಹೋಗ್ತಿದ್ದಾನಲ್ಲ" ಅನ್ನುವ ಉತ್ತರ ಬಂದಿತ್ತು. ಅಂಥ ಪಿಟ್‌ನಲ್ಲಿ ರೈಡರ್ ಬಾಯಿ ಮುಚ್ಚಿಕೊಂಡು ಓಡಿಸಲು ಕಲಿಯುತ್ತಾನೆ, ಬೈಕ್ ಕೆಟ್ಟದಾಗಿದ್ದರೂ ಹೇಳುವುದಿಲ್ಲ. ಅದು ಅಪಾಯ. ಇರುಂಗಾಟ್ಟುಕೋಟ್ಟೈನಲ್ಲಿ ಉದ್ದ ಸ್ಟ್ರೇಟ್ ಮುಗಿದು ಮೊದಲ ತಿರುವು ಸಿ1ಗೆ ಬೀಳುವಾಗ ಇರುವ ವೇಗಕ್ಕೆ, ಮುಂದಿನ ಟೈರ್ ಮೇಲೆ ನಂಬಿಕೆ ಇಲ್ಲದೆ ಹೋಗಲು ಆಗುವುದಿಲ್ಲ. ನಮ್ಮ ಕ್ಲಾಸ್‌ನ ಬೈಕ್‌ಗಳಲ್ಲಿ ಜಗತ್ತಿನ ಅತಿ ದೊಡ್ಡ ಬೈಕ್ ರೇಸ್ ಸರಣಿಯಾದ ಮೋಟೋಜಿಪಿಯ ಹಾಗೆ ಬದಲಾಯಿಸಲು ಸಾವಿರ ಇಲ್ಲ. ಫೋರ್ಕ್ ಎಣ್ಣೆ, ಪ್ರಿಲೋಡ್, ಚೈನ್ ಓಡುವ ಹಲ್ಲುಚಕ್ರ ಸ್ಪ್ರಾಕೆಟ್, ಟೈರಿನ ಗಾಳಿ, ಹೀಗೆ ಕೈಬೆರಳಲ್ಲಿ ಎಣಿಸುವಷ್ಟು. ಅಷ್ಟರಲ್ಲೇ ಸರಿ ಮಾಡಬೇಕು ಅಂದರೆ ಕೇಳಿಸಿಕೊಳ್ಳುವ ಕಿವಿ ಬೇಕೇ ಬೇಕು.

ಆ ದಿನಗಳಲ್ಲಿ ನಾನು ದೊಡ್ಡ ರೈಡರ್‌ಗಳು ಟೀಮ್ ಬದಲಾಯಿಸಿದ ಕಥೆಗಳನ್ನು ಮತ್ತೆ ಮತ್ತೆ ಓದುತ್ತಿದ್ದೆ. ಎಲ್ಲರೂ ಹೇಳುವುದು ವ್ಯಾಲೆಂಟಿನೋ ರೊಸ್ಸಿ ಕಥೆ. 2003ರಲ್ಲಿ ಹೋಂಡಾದಲ್ಲಿ ಮೋಟೋಜಿಪಿ ಚಾಂಪಿಯನ್ ಆಗಿ, 2004ಕ್ಕೆ ಯಮಹಾಕ್ಕೆ ಹೋದರು. 1992ರಿಂದ ಅತಿ ಮೇಲಿನ ಕ್ಲಾಸ್‌ನ ಪಟ್ಟ ಯಮಹಾಗೆ ಸಿಕ್ಕಿರಲಿಲ್ಲ. ಹೋಗುವಾಗ ತಮ್ಮ ಚೀಫ್ ಮೆಕ್ಯಾನಿಕ್ ಜೆರೆಮಿ ಬರ್ಗೆಸ್‌ರನ್ನು ಜೊತೆಗೆ ಕರೆದುಕೊಂಡು ಹೋದರು. ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ನಡೆದ ಮೊದಲ ರೇಸ್ ಅನ್ನೇ ಗೆದ್ದರು, ಆ ವರ್ಷದ ಪಟ್ಟವನ್ನೂ ಗೆದ್ದರು. ಆದರೆ ಅದೇ ರೊಸ್ಸಿ, ಅದೇ ಬರ್ಗೆಸ್ 2011ರಲ್ಲಿ ಡುಕಾಟಿಗೆ ಹೋದಾಗ ಎರಡು ವರ್ಷ ಒಂದು ರೇಸ್ ಕೂಡ ಗೆಲ್ಲಲಿಲ್ಲ. ಒಳ್ಳೆ ಮೆಕ್ಯಾನಿಕ್ ಇದ್ದರೆ ಸಾಕು ಅಂತ ನಾನು ಅಂದುಕೊಳ್ಳದೇ ಇದ್ದದ್ದು ಇದರಿಂದ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಹೋರ್ಹೆ ಲೊರೆಂಜೊ ಕಥೆ. 2017ರಲ್ಲಿ ಡುಕಾಟಿಗೆ ಬಂದರು, ಆ ವರ್ಷ ಪೂರ್ತಿ ಗೆಲುವಿಲ್ಲ. ಬ್ರೇಕ್ ಹಾಕುವಾಗ ಮೈಗೆ ಆಸರೆ ಸಿಗದೆ ತೋಳಿನ ಮೇಲೆ ಭಾರ ಬೀಳುತ್ತಿತ್ತು, ರೇಸ್ ಕೊನೆಗೆ ಸುಸ್ತಾಗುತ್ತಿದ್ದರು. ಅವರು ಕೇಳಿದ್ದು ಟ್ಯಾಂಕಿನ ಆಕಾರದಲ್ಲಿ ಬದಲಾವಣೆ. ಅದು ಬಂದದ್ದು 2018ರ ಮುಜೆಲ್ಲೊ ರೇಸ್ ಹೊತ್ತಿಗೆ. ಬಂದ ಕೂಡಲೇ ಗೆದ್ದರು. ಮುಂದಿನ ರೇಸ್ ಬಾರ್ಸಿಲೋನಾದಲ್ಲೂ ಗೆದ್ದರು. ಅಷ್ಟರಲ್ಲಿ ಅವರು ಮುಂದಿನ ಸೀಸನ್‌ಗೆ ಹೋಂಡಾಕ್ಕೆ ಹೋಗುವುದು ತೀರ್ಮಾನ ಆಗಿಹೋಗಿತ್ತು, ಮುಜೆಲ್ಲೊ ಗೆದ್ದ ವಾರದಲ್ಲೇ ಸುದ್ದಿ ಹೊರಗೆ ಬಂತು. ಹೋಂಡಾದಲ್ಲಿ ಒಂದೇ ವರ್ಷ, ಗಾಯದ ಮೇಲೆ ಗಾಯ, 2019ರ ಕೊನೆಗೆ ರೇಸಿಂಗೇ ಬಿಟ್ಟರು. ಕೋಟಿಗಟ್ಟಲೆ ಖರ್ಚು ಮಾಡುವ ಟೀಮ್‌ನಲ್ಲಿ ಟ್ಯಾಂಕಿನ ಮೇಲಿನ ಒಂದು ತುಂಡಿಗಾಗಿ ಅಷ್ಟು ಕಾಯಬೇಕಾಯಿತು! ಅದಾದ ಮೇಲೆ ನಾನು ಟೀಮ್‌ಗಳನ್ನು ಕೇಳುವ ಪ್ರಶ್ನೆ ಒಂದು ಹೆಚ್ಚಾಯಿತು. ನಾನು ಇವತ್ತು ಒಂದು ತೊಂದರೆ ಹೇಳಿದರೆ, ಅದು ಬೈಕ್ ಮೇಲೆ ಬದಲಾವಣೆಯಾಗಿ ಬರಲು ಎಷ್ಟು ದಿನ? ಯಾರ ಒಪ್ಪಿಗೆ ಬೇಕು?

ಮಾರ್ಕ್ ಮಾರ್ಕೆಜ್ ವಿಷಯ ಎಲ್ಲರಿಗೂ ಗೊತ್ತು. ಹೋಂಡಾ ಜೊತೆ ಆರು ಮೋಟೋಜಿಪಿ ಪಟ್ಟ ಗೆದ್ದವರು, ಕರಾರು ಇನ್ನೂ ಒಂದು ವರ್ಷ ಇರುವಾಗಲೇ ಬಿಟ್ಟು, 2024ಕ್ಕೆ ಗ್ರೆಸಿನಿ ಅನ್ನುವ ಪ್ರೈವೇಟ್ ಟೀಮ್ ಸೇರಿದರು. ಸಿಕ್ಕಿದ್ದು ಹಿಂದಿನ ವರ್ಷದ ಡುಕಾಟಿ. ಮೂರು ರೇಸ್ ಗೆದ್ದರು, 2025ರಲ್ಲಿ ಫ್ಯಾಕ್ಟರಿ ಡುಕಾಟಿಯಲ್ಲಿ ಮತ್ತೆ ಚಾಂಪಿಯನ್ ಆದರು. ಇದನ್ನು ನೋಡಿ "ಚಿಕ್ಕ ಟೀಮ್‌ಗೆ ಹೋಗು, ಮಾರ್ಕೆಜ್ ಹೋಗಲಿಲ್ವಾ" ಅಂತ ನನಗೂ ಹೇಳಿದವರಿದ್ದಾರೆ. ಆದರೆ ಒಂದು ವಿಷಯ ಬಿಟ್ಟುಹೋಗುತ್ತದೆ. 2024ರಲ್ಲಿ ಗ್ರಿಡ್‌ನಲ್ಲಿ ಎಂಟು ಡುಕಾಟಿಗಳಿದ್ದವು, ಎಲ್ಲರ ಡೇಟಾ, ಅಂದರೆ ಯಾವ ತಿರುವಿನಲ್ಲಿ ಬೈಕ್ ಹೇಗೆ ಓಡಿತು ಅನ್ನುವ ದಾಖಲೆ, ಎಲ್ಲರಿಗೂ ಸಿಗುತ್ತಿತ್ತು. ಟೀಮ್ ಚಿಕ್ಕದು, ಮಾಹಿತಿ ಚಿಕ್ಕದಲ್ಲ. ನಮ್ಮ ಪ್ರೈವೇಟ್ ಟೀಮ್‌ನಲ್ಲಿ ಇದ್ದದ್ದು ನನ್ನೊಬ್ಬನ ಬೈಕು, ನನ್ನೊಬ್ಬನ ಡೇಟಾ. ಯಾವ ತಿರುವಿನಲ್ಲಿ ಟೈಮ್ ಹೋಗುತ್ತಿದೆ ಅಂತ ಹೋಲಿಸಿ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿಲ್ಲ. ತಕ್ಕಡಿ ಕಂಪನಿ ಟೀಮ್ ಕಡೆ ವಾಲಿದ್ದು ಇಲ್ಲಿ.

ಹಾಗಂತ ಎಲ್ಲರಿಗೂ ಒಂದೇ ದಾರಿ ಅಂತ ನಾನು ಹೇಳುವುದಿಲ್ಲ. ರ‍್ಯಾಲಿಯಲ್ಲಿ ನಮ್ಮವರೇ ಇಬ್ಬರನ್ನು ನೋಡಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಕೆಟಿಎಂ ಬೈಕ್ ಮೇಲೆ ಡಕಾರ್ ಅನ್ನುವ ದೊಡ್ಡ ಅಂತರರಾಷ್ಟ್ರೀಯ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು, ಮುಂದೆ 2017ರಲ್ಲಿ ಹೀರೋ ಟೀಮ್‌ನ ಮೊದಲ ಡಕಾರ್‌ಗೆ ಅವರೂ ಒಬ್ಬ ರೈಡರ್. ಉಡುಪಿಯ ಕೆ.ಪಿ. ಅರವಿಂದ್ ವರ್ಷಗಟ್ಟಲೆ ಟಿವಿಎಸ್ ಜೊತೆಗೇ ಇದ್ದರು. ಡಕಾರ್‌ನಲ್ಲಿ ಎರಡು ಸಲ ಅರ್ಧದಲ್ಲೇ ನಿಲ್ಲಬೇಕಾಗಿ ಬಂದರೂ ಟೀಮ್ ಅವರ ಕೈಬಿಡಲಿಲ್ಲ, 2019ರಲ್ಲಿ ಮುಗಿಸಿದರು. ಬದಲಾಯಿಸಿ ಬೆಳೆದವರೂ ಇದ್ದಾರೆ, ಉಳಿದು ಬೆಳೆದವರೂ ಇದ್ದಾರೆ.

ಕಂಪನಿ ಟೀಮ್ ಮ್ಯಾನೇಜರ್ ಜೊತೆ ಕೂತಾಗ ನಾನು ಸಂಬಳ ಜಾಸ್ತಿ ಕೇಳಲಿಲ್ಲ. ಟೆಸ್ಟಿಂಗ್ ದಿನಗಳನ್ನು ಕರಾರಿನಲ್ಲಿ ಬರೆದು ಕೊಡಿ ಅಂತ ಕೇಳಿದೆ. ನಂಬರ್ ಒನ್ ರೈಡರ್‌ನ ಡೇಟಾ ಪ್ರತಿ ಸೆಷನ್ ಆದಮೇಲೆ ನನಗೂ ತೋರಿಸಬೇಕು ಅಂದೆ. ಅವತ್ತು ನನ್ನ ಜೊತೆ ಕೆಲಸ ಮಾಡಿದ ಮೆಕ್ಯಾನಿಕ್ ಸೀಸನ್ ಪೂರ್ತಿ ನನ್ನ ಬೈಕ್ ಮೇಲೇ ಇರಬೇಕು ಅಂದೆ. ಕೊನೆಯದಕ್ಕೆ ಸ್ವಲ್ಪ ಹಿಂದೆಮುಂದೆ ನೋಡಿದರು, ಆಮೇಲೆ ಒಪ್ಪಿದರು. ಕೇಳಿದರೆ ಸಿಟ್ಟಾಗುತ್ತಾರೇನೋ ಅಂತ ತುಂಬಾ ಜನ ಸುಮ್ನೆ ಸೈನ್ ಹಾಕಿಬಿಡುತ್ತಾರೆ. ಮ್ಯಾನೇಜರ್‌ಗೂ ಗೆಲುವು ಬೇಕು ಅಲ್ವಾ? ಗೆಲುವಿಗೆ ಬೇಕಾದದ್ದನ್ನು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಕರಾರು ಓದುವಾಗ ಗಾಯದ ಷರತ್ತನ್ನು ಮಾತ್ರ ಎರಡು ಸಲ ಓದಿ. ಮೂಳೆ ಮುರಿದು ಎರಡು ರೌಂಡ್ ತಪ್ಪಿದರೆ ಸೀಟು ಉಳಿಯುತ್ತದಾ? ಆಸ್ಪತ್ರೆ ಖರ್ಚು ಯಾರದ್ದು, ಟೆಸ್ಟಿಂಗ್‌ನಲ್ಲಿ ಬಿದ್ದರೂ ಇನ್ಶೂರೆನ್ಸ್ ಇದೆಯಾ? 2024ರ ಮೋಟೋಜಿಪಿ ಚಾಂಪಿಯನ್ ಹೋರ್ಹೆ ಮಾರ್ಟಿನ್ ಅಪ್ರಿಲಿಯಾ ಸೇರಿದ ಮೊದಲ ವರ್ಷವೇ ಗಾಯವಾಗಿ ರೇಸ್ ಮೇಲೆ ರೇಸ್ ತಪ್ಪಿಸಿಕೊಂಡರು. ಟೀಮ್ ಬಿಟ್ಟು ಹೋಗಲು ಅವಕಾಶ ಕೊಡುವ ಒಂದು ಷರತ್ತಿನ ಬಗ್ಗೆ ಎರಡೂ ಕಡೆಗೆ ತಿಂಗಳುಗಟ್ಟಲೆ ಎಳೆದಾಟ ನಡೆಯಿತು, ಕೊನೆಗೆ ಅಲ್ಲೇ ಉಳಿದರು. ಮ್ಯಾನೇಜರು, ವಕೀಲರು ಎಲ್ಲ ಇರುವ ಅವರಿಗೇ ಹೀಗಾದರೆ ನಮ್ಮ ಗತಿ ಏನು? ನಾನು ನನ್ನ ಕಾಗದವನ್ನು ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆ. ಸ್ವಂತ ಸ್ಪಾನ್ಸರ್‌ಗಳ ಹೆಸರು ಲೆದರ್ ಸೂಟ್ ಮೇಲೆ ಎಲ್ಲಿ ಹಾಕಬಹುದು ಅನ್ನುವುದನ್ನೂ ಅವರೇ ಕೇಳಿಸಿ ಬರೆಸಿದರು.

ಸೈನ್ ಮಾಡುವ ಮುಂಚೆಯೇ ಹಳೇ ಟೀಮ್ ಓನರ್ ಹತ್ತಿರ ಹೋದೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು. ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳಬಾರದು. ಗ್ಯಾರೇಜ್‌ನಲ್ಲಿ ಯಾರದ್ದೋ ಬೈಕ್‌ನ ಕ್ಲಚ್ ಬಿಚ್ಚುತ್ತಿದ್ದರು. ಹೇಳಿದೆ. ಕೈ ಒರೆಸಿಕೊಂಡು, "ನಿನ್ನ ಜಾಗಕ್ಕೆ ಹುಡುಗನ್ನ ಹುಡುಕಬೇಕು, ಈಗಲೇ ಹೇಳಿದ್ದು ಒಳ್ಳೇದಾಯ್ತು" ಅಂದರು. ಆಮೇಲೆ ಆ ಕಂಪನಿಯವರು ಟೆಸ್ಟಿಂಗ್ ಬರೆದು ಕೊಟ್ಟಿದ್ದಾರಾ ಅಂತ ಕೇಳಿದರು. ಕೊಟ್ಟಿದ್ದಾರೆ ಸರ್ ಅಂದೆ.

ನನ್ನ ಸೆಟಪ್ ಬರೆದಿಟ್ಟ ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಅವರಿಗೇ ಕೊಟ್ಟು ಬಂದೆ. ಯಾವ ಬಿಸಿಲಿಗೆ ಟೈರಿನಲ್ಲಿ ಎಷ್ಟು ಗಾಳಿ, ಮಳೆಯಲ್ಲಿ ಯಾವ ಸ್ಪ್ರಾಕೆಟ್, ಎಲ್ಲ ಅದರಲ್ಲಿದೆ. ನನ್ನ ಸೀಟಿಗೆ ಬಂದಿರುವುದು ಒನ್-ಮೇಕ್‌ನಿಂದ ಬಂದ ಮೈಸೂರಿನ ಹುಡುಗ. ಮೊದಲ ಟೆಸ್ಟ್‌ನಲ್ಲಿ ಅದೇ ಪ್ರಿಲೋಡ್, ಅದೇ ಗಾಳಿ ಇಟ್ಟುಕೊಂಡೇ ಶುರು ಮಾಡಿದ್ದಾನೆ.