ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಅಪರಾಧದ ಅಂಕಿಗಳನ್ನು ಓದುವ ಬಗೆ

1801ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಲಂಡನ್ನಿನ ಜನಸಂಖ್ಯೆ 1901ರ ಹೊತ್ತಿಗೆ ಅರವತ್ತು ಲಕ್ಷವನ್ನು ದಾಟಿತ್ತು. ಹಾಗಾಗಿ ಕಳವು ಹೆಚ್ಚಿತೆನ್ನುವ ಮುನ್ನ, ಲಕ್ಷ ಜನಕ್ಕೆ ಎಷ್ಟು ಪ್ರಕರಣಗಳೆಂದು ಲೆಕ್ಕ ಹಾಕಿಕೊಳ್ಳಬೇಕು. ಇದು ಸುಲಭದ ಕೆಲಸ. ತೊಡಕಿರುವುದು ಆ ಪ್ರಕರಣಗಳ ಸಂಖ್ಯೆಯಲ್ಲಿಯೇ.

ಲಂಡನ್ನಿನ ಪ್ರಮುಖ ಅಪರಾಧ ನ್ಯಾಯಾಲಯವಾದ ಓಲ್ಡ್ ಬೇಲಿಯ ಮುದ್ರಿತ ವಿಚಾರಣಾ ವರದಿಗಳು 1674ರಿಂದ 1913ರವರೆಗೆ ದೊರೆಯುತ್ತವೆ. ಅವನ್ನು ಓದುವಾಗ, ಅಲ್ಲಿರುವುದು ಕಟಕಟೆಯವರೆಗೆ ಬಂದ ಪ್ರಕರಣಗಳೇ ಹೊರತು ನಡೆದ ಅಪರಾಧಗಳೆಲ್ಲವೂ ಅಲ್ಲ ಎಂಬುದನ್ನು ಮರೆಯಬಾರದು. ಶತಮಾನದ ಮೊದಲ ದಶಕಗಳಲ್ಲಿ ಮೊಕದ್ದಮೆ ಹೂಡುವ ಹೊಣೆ ಸಾಮಾನ್ಯವಾಗಿ ವಸ್ತು ಕಳೆದುಕೊಂಡವನದೇ ಆಗಿತ್ತು. ಕಳ್ಳನಿಗೆ ನೇಣಾಗುವ ಸಂಭವವಿದ್ದರೆ ಹಲವರು ದೂರು ಕೊಡಲೇ ಹಿಂಜರಿಯುತ್ತಿದ್ದರು. ಜೇಬುಗಳ್ಳತನಕ್ಕಿದ್ದ ಮರಣದಂಡನೆಯನ್ನು ಸಂಸತ್ ಸದಸ್ಯ ಸ್ಯಾಮ್ಯುಯೆಲ್ ರೋಮಿಲಿ 1808ರಲ್ಲಿ ತೆಗೆಸಿದ ಮೇಲೆ ಮೊಕದ್ದಮೆಗಳು ಏರಿದವು. ಶಿಕ್ಷೆ ಸಡಿಲವಾದದ್ದರಿಂದ ಕಳ್ಳರು ಹೆಚ್ಚಿದರೆಂದು ಎದುರಾಳಿಗಳು ದೂರಿದರು. ದೂರು ಕೊಡಲು ಜನರಿಗೆ ಈಗ ಮನಸ್ಸು ಬಂದಿದೆ ಎಂದು ರೋಮಿಲಿ ವಾದಿಸಿದರು. ನನಗೆ ರೋಮಿಲಿಯವರ ವಾದವೇ ಹೆಚ್ಚು ಸರಿಯೆನಿಸುತ್ತದೆ.

ಎರಡನೆಯದಾಗಿ, ಕಾನೂನು ಬದಲಾದ ವರ್ಷಗಳ ಪಟ್ಟಿಯೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. 1829ರಲ್ಲಿ ಮೆಟ್ರೋಪಾಲಿಟನ್ ಪೊಲೀಸ್ ಪಡೆ ಹುಟ್ಟಿದ ಬಳಿಕ ಬೀದಿಯ ಕುಡುಕರನ್ನೂ ಅಲೆಮಾರಿಗಳನ್ನೂ ಹಿಡಿಯಲು ಸಮವಸ್ತ್ರದ ಕಾವಲುಗಾರರು ಸದಾ ಇದ್ದರು. 1834ರಲ್ಲಿ ಓಲ್ಡ್ ಬೇಲಿಯ ವ್ಯಾಪ್ತಿಗೆ ನೆರೆಯ ಎಸೆಕ್ಸ್, ಕೆಂಟ್ ಮತ್ತು ಸರ್ರಿಯ ಕೆಲವು ಭಾಗಗಳು ಸೇರಿದವು. ಇಂಥ ಬದಲಾವಣೆಗಳಿಂದ ಅಪರಾಧ ಹೆಚ್ಚದೆಯೂ ಅಂಕಿ ಏರಬಹುದು. ಇದಕ್ಕೆ ವ್ಯತಿರಿಕ್ತವಾಗಿ, 1855ರ ಕಾಯಿದೆ ಸಣ್ಣ ಕಳವುಗಳನ್ನು ಆರೋಪಿಯ ಒಪ್ಪಿಗೆಯೊಂದಿಗೆ ಮ್ಯಾಜಿಸ್ಟ್ರೇಟರೇ ತೀರ್ಮಾನಿಸಲು ಅವಕಾಶ ಕೊಟ್ಟಿತು; ಆದುದರಿಂದ ಆ ವರ್ಷದ ನಂತರ ಓಲ್ಡ್ ಬೇಲಿಯಲ್ಲಿ ಕಾಣುವ ಇಳಿಕೆಯನ್ನು ಕಳ್ಳತನದ ಇಳಿಕೆಯೆಂದು ಬರೆದುಕೊಂಡರೆ ತಪ್ಪಾದೀತು.

ಕದ್ದ ಮಾಲಿನ ಬೆಲೆಯನ್ನೂ ಅನುಮಾನದಿಂದಲೇ ನೋಡಬೇಕು. ವಾಸದ ಮನೆಯಿಂದ 40 ಶಿಲಿಂಗ್ ಅಥವಾ ಹೆಚ್ಚಿನ ಬೆಲೆಯ ವಸ್ತು ಕದ್ದವನಿಗೆ ಗಲ್ಲು ವಿಧಿಸಬಹುದಾಗಿದ್ದ ಕಾಲದಲ್ಲಿ ಜ್ಯೂರಿಗಳು ಎಷ್ಟೋ ಬಾರಿ 39 ಶಿಲಿಂಗ್ ಎಂದೇ ತೀರ್ಪಿತ್ತರು. ಆ ಅಂಕಿ ಕಂಡಲ್ಲಿ ಅದು ಆರೋಪಿಯ ಜೀವ ಉಳಿಸಲು ಇಳಿಸಿದ ಬೆಲೆಯಿರಬಹುದೆಂದು ಗುರುತು ಹಾಕಿಕೊಳ್ಳಿ. ಅಂಥ ತೀರ್ಪುಗಳಿಂದ ಮಾರುಕಟ್ಟೆಯ ದರವನ್ನು ಊಹಿಸಲು ಹೋಗಬೇಡಿ.

1857ರಿಂದಾಚೆಗೆ ಕೆಲಸ ತುಸು ಹಗುರ. ಅಂದಿನಿಂದ ಪ್ರಕಟವಾದ ರಾಷ್ಟ್ರೀಯ ನ್ಯಾಯಾಂಗ ಅಂಕಿಅಂಶಗಳಲ್ಲಿ ಪೊಲೀಸರಿಗೆ ತಿಳಿದುಬಂದ ಗಂಭೀರ ಅಪರಾಧಗಳ ಲೆಕ್ಕ ಬೇರೆ, ವಿಚಾರಣೆಗೆ ಒಳಗಾದವರ ಲೆಕ್ಕ ಬೇರೆ. ಈ ಎರಡನ್ನೂ ಒಂದೇ ಅಂಕಣಕ್ಕೆ ಸೇರಿಸದೆ ಅಕ್ಕಪಕ್ಕದಲ್ಲಿ ಬರೆದುಕೊಳ್ಳಿ.