ಸಕ್ಕರಿ ಹಾಕಲಿಲ್ಲ, ಬೀಜ ಸೋಸಲಿಲ್ಲ: ಹಾರ್ಟಿಗೆ ಅಂತ ಮಾಡಿದ ನನ್ನ ಪ್ಯಾಶನ್ ಫ್ರೂಟ್ ಅನುಭವ

"ಸಕ್ಕರಿ ಇಲ್ಲದ ಪ್ಯಾಶನ್ ಫ್ರೂಟ್ ಯಾವಂವ ಕುಡೀತಾನೋ, ಅದೂ ಬೀಜದ ಸಮೇತ" ಅಂತ ನಮ್ಮ ಕಾಕಾ ನಕ್ಕಿದ್ದ. ಈಗ ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜ್) ಗ್ರೌಂಡಿಗೆ ಮುಂಜಾನಿ ವಾಕಿಂಗ್ ಬರೋ ಮಂದಿ, ಅದರಾಗ ಅರ್ಧದಷ್ಟು ಬಿಪಿ ಗುಳಿಗಿ ನುಂಗೋವ್ರು, ನಾ ಬೆಳದು ಮಾರೋ ಪ್ಯಾಶನ್ ಫ್ರೂಟ್ ತಿರುಳಿಂದು ವಾರಕ್ಕ ಒಂದ್ ಡಬ್ಬಿ ತಗದಿಡ್ರಿ ಅಂತ ಮೊದ್ಲ ಹೇಳಿ ಹೋಗ್ತಾರ. ಕಾಕಾನೂ ಒಯ್ತಾನ, ರೊಕ್ಕಾ ಮಾತ್ರ ಕೊಡೂದಿಲ್ಲ.

ಬಳ್ಳಿ ಹಚ್ಚೂದು, ಚಪ್ಪರ ಹಾಕೂದು ಬೆಳಿಯೋವ್ರಿಗೆಲ್ಲಾ ಗೊತ್ತೈತಿ, ಅದನ್ನ ಮತ್ತ ಬರಿಯೂದಿಲ್ಲ. ಮಣ್ಣಿನ ಬಗ್ಗೆ ಒಂದ್ ಮಾತು ಹೇಳ್ತೀನಿ. ಮೊದಲು ಹಚ್ಚಿದ್ದು ಅಣ್ಣಿಗೇರಿ ಕಡೆ ನಮ್ಮ ಎರಿ (ಕರೀ ಮಣ್ಣಿನ) ಹೊಲದಾಗ, ಮಳಿಗಾಲದಾಗ ನೀರು ನಿಂತು ಬುಡಾ ಕೊಳತು ಮುಕ್ಕಾಲು ಪಾಲು ಬಳ್ಳಿ ಹೋದುವು. ಸಸಿ, ಕಲ್ಲಿನ ಕಂಬ, ಜಿಐ ತಂತಿ, ಆಳಿನ ಪಗಾರ ಎಲ್ಲಾ ಸೇರಿ ನಲವತ್ತು ಸಾವಿರದ ಮ್ಯಾಲೆ ಮಣ್ಣುಪಾಲು. ಆಮ್ಯಾಲೆ ಕಲಘಟಗಿ ಕಡೆ ಗೆಳೆಯಾನ ಮಸಾರಿ (ಕೆಂಪು ಮಣ್ಣಿನ) ಜಾಗಾ ಲಾವಣಿಗೆ ಹಿಡಿದು, ಮಣ್ಣು ಎತ್ತರಿಸಿ ಏರಿ ಮಾಡಿ, ಏರಿ ಮ್ಯಾಲೆ ಹಚ್ಚಿದಮ್ಯಾಲೆನ ಬಳ್ಳಿ ಹಿಡಿದದ್ದು. ತಳಿ ಕಾವೇರಿ, ಕೊಡಗಿನ ಚೆಟ್ಟಳ್ಳಿ ತೋಟಗಾರಿಕೆ ಸಂಶೋಧನಾ ಕೇಂದ್ರದ್ದು, ನೇರಳೆ ಬಣ್ಣದ ಮತ್ತ ಹಳದಿ ಬಣ್ಣದ ಪ್ಯಾಶನ್ ಫ್ರೂಟ್ ಎರಡರ ಕ್ರಾಸು. ಜೋಡಿಗೆ ಒಂದಿಷ್ಟು ಹಳದೀನೂ ಹಚ್ಚೀನಿ.

ಹಳದಿದು ತಲಿನೋವು ಬ್ಯಾರೆ. ರಗಡ ಹೂವು, ಕಾಯಿ ಒಂದಿಲ್ಲ. ಅದಕ್ಕ ತನ್ನ ಬಳ್ಳೀದ ಪರಾಗ ನಡಿಯೂದಿಲ್ಲ, ಬ್ಯಾರೆ ಬಳ್ಳೀದು ಬೇಕು, ಅದನ್ನ ತಂದುಕೊಡೋದು ಕಟಗಿ ಕೊರಿಯೋ ಆ ದಪ್ಪ ಕರೀ ದುಂಬಿ. ಹೂವು ಅರಳೂದೂ ಮಧ್ಯಾಹ್ನದ ಹೊತ್ತಿಗೆ, ಮುಂಜಾನಿ ಹೋಗಿ ಔಷಧ ಹೊಡದು ದುಂಬಿ ಓಡಿಸಿದ್ರ ಮುಗೀತು. ನಾ ಔಷಧ ಬಿಟ್ಟು ನಾಕು ಒಣ ದಿಮ್ಮಿ ತಂದು ಬದುವಿಗೆ ಒಗದೆ, ದುಂಬಿ ಗೂಡು ಮಾಡಿದ್ವು. ದುಂಬಿ ಕಮ್ಮಿ ಬಿದ್ದ ಕಡೆ ಬ್ರಶ್ಶಿಲೆ ಕೈಯ್ಯಾರೆ ಮುಟ್ಟಸ್ತೀವಿ. ಯಾವ ಬಳ್ಳೀದು ಯಾವುದಕ್ಕ ಅನ್ನೋ ಜೋಡಿ ಮಾತ್ರ ಹೇಳೂದಿಲ್ಲ, ಅದನ್ನ ಕಂಡುಹಿಡೀಲಿಕ್ಕ ನನಗ ಒಂದು ಸೀಸನ್ ಹೋಗೇತಿ.

ಈಗ ಹಾರ್ಟಿನ ವಿಚಾರ. ನೂರು ಗ್ರಾಂ ತಿರುಳಿಗೆ ಬೀಜದ ಸಮೇತ ಸುಮಾರು 10 ಗ್ರಾಂ ನಾರು, 350 ಮಿಲಿಗ್ರಾಂ ಹತ್ರ ಪೊಟ್ಯಾಶಿಯಂ, ಸೋಡಿಯಂ ಮೂವತ್ತರ ಒಳಗ. ಪೊಟ್ಯಾಶಿಯಂ ಹೆಚ್ಚಾದ್ರ ಕಿಡ್ನಿ ಸೋಡಿಯಂನ್ನ ಹೊರಗ ಹಾಕ್ತೈತಿ, ರಕ್ತನಾಳ ಸಡಿಲಾಗ್ತಾವು, ಬಿಪಿಗೆ ಅದು ಚಲೋ. ಆ ನಾರೆಲ್ಲಾ ಇರೂದು ಹೆಚ್ಚಾಗಿ ಬೀಜದಾಗ, ಆದ್ರ ಮಂದಿ ಮಾಡೂದೇನು, ಬೀಜ ಸೋಸಿ ಚೆಲ್ಲಿ, ಉಳಿದ ರಸಕ್ಕ ಅದರಷ್ಟ ಸಕ್ಕರಿ ಸುರದು, ಬಾಟ್ಲಿ ಮ್ಯಾಲೆ ಹಾರ್ಟಿನ ಚಿತ್ರ ಹಚ್ಚಿ ಮಾರೂದು! ಸ್ಕ್ವಾಶ್ ಅಂತ ಕರೀಬೇಕಂದ್ರ ನಿಯಮದ ಪ್ರಕಾರ ಕರಗಿದ ಅಂಶ (ಹೆಚ್ಚಾಗಿ ಸಕ್ಕರಿನ) ಕನಿಷ್ಠ 40 ಪರ್ಸೆಂಟ್ ಇರಬೇಕು, ಹಣ್ಣು 25 ಇದ್ರ ಸಾಕು. ಅಂದ್ರ ಅದು ಸಕ್ಕರಿ ಪಾಕ, ಹಣ್ಣಿನ ವಾಸನಿ ಅಷ್ಟ. ಬೀಜದಾಗ ಪೈಸಿಯಾಟನಾಲ್ ಅಂತ ಒಂದು ಅಂಶನೂ ಐತಿ, ರಕ್ತನಾಳ ಸಡಿಲ ಮಾಡೂದನ್ನ ಲ್ಯಾಬಿನ್ಯಾಗ ಇಲಿ ರಕ್ತನಾಳದ ಮ್ಯಾಲೆ ನೋಡ್ಯಾರ. ಇಲಿ ಬ್ಯಾರೆ ನಾವು ಬ್ಯಾರೆ, ಅದನ್ನ ಹೇಳಿ ನಾ ಮಾರೂದಿಲ್ಲ.

ಬೀಜ ಇಡಬೇಕು ಅಂತ ನಿಂತೆ ನೋಡ್ರಿ, ಅಲ್ಲಿಂದ ಶುರು ಆತು ಗೋಳು. ಮಿಕ್ಸರ್‌ಗೆ ಹಾಕಿದ್ರ ಬೀಜ ಒಡದು ಕರೀ ಚುಕ್ಕಿ, ಬಾಯಾಗ ಉಸುಕು ಅಗದಂಗ, ಮ್ಯಾಲೆ ಕಹಿ. ಚಮಚಾಲೆ ಕಲಸಿದ್ರ ತಿರುಳಿನ ಚೀಲ ಒಡಿಯೂದಿಲ್ಲ, ರಸ ಬಿಡೂದಿಲ್ಲ. ಕಡೀಕ ನಮ್ಮವ್ವನ ಮಜ್ಜಿಗಿ ಕಡಗೋಲು ಕೆಲಸಕ್ಕ ಬಂತು, ತಂಬಗಿಯೊಳಗ ಸಾವಕಾಶ ಕಡದ್ರ ಚೀಲ ಒಡೀತೈತಿ, ಬೀಜ ಒಡಿಯೂದಿಲ್ಲ. ಮಷಿನ್ ತಗೋಳ್ರಿ ಅಂತ ಹುಬ್ಬಳ್ಳಿ ಅಂಗಡಿಯಾಂವ ಒಬ್ಬ ಅರವತ್ತು ಸಾವಿರದ ಕೊಟೇಶನ್ ಕೊಟ್ಟಿದ್ದ, ಕಡಗೋಲಿಗೆ ನೂರಾ ಇಪ್ಪತ್ತು ರೂಪಾಯಿ.

ಸಕ್ಕರಿ ಬಿಟ್ಟದ್ದಕ್ಕ ಇನ್ನೊಂದು ತ್ರಾಸು. ಸಕ್ಕರಿ ರುಚಿಗಷ್ಟ ಅಲ್ಲ, ಕೆಡದಂಗ ಕಾಯ್ತೈತಿ. ಅದಿಲ್ಲದ ರಸ ಫ್ರಿಜ್ಜಿನ್ಯಾಗ ಇಟ್ರೂ ನಾಕೈದು ದಿನಕ್ಕ ಹುದಗಲಿಕ್ಕ ಹತ್ತಿತು, ಒಂದು ಮನಿಯೊಳಗ ಮುಚ್ಚಳ ಹಾರಿ ಗೋಡಿಗೆಲ್ಲಾ ಬಡದು ಅವ್ರ ಫೋನು ಬಂತು. ಕುದಿಸಿ ಇಟ್ರ ವಾಸನಿನ ಹೋಗ್ತೈತಿ, ವಾಸನಿ ಇಲ್ಲದ ಪ್ಯಾಶನ್ ಫ್ರೂಟ್ ತಗೊಂಡು ಏನ್ ಮಾಡ್ತೀರಿ? ಹಂಗಾಗಿ ಐಸ್ ಟ್ರೇದಾಗ ಹಾಕಿ ಗಡ್ಡೆ ಮಾಡಿ ಕೊಡಾಕ ಹತ್ತಿದೆ. ಸೆಕೆಂಡ್ ಹ್ಯಾಂಡ್ ಡೀಪ್ ಫ್ರೀಜರ್ ಹದಿನೆಂಟು ಸಾವಿರ, ಕರೆಂಟ್ ಬಿಲ್ಲು ತಿಂಗಳಿಗೆ ಎಂಟನೂರರಷ್ಟು ಏರಿತು. ಮೂರು ಕಿಲೋ ಹಣ್ಣಿಗೆ ಒಂದು ಕಿಲೋ ತಿರುಳು ಬಂದ್ರ ಹೆಚ್ಚು, ಅದಕ್ಕ ಕಾಲು ಕಿಲೋ ಡಬ್ಬಿಗೆ ನೂರಾ ಇಪ್ಪತ್ತರ ಕೆಳಗ ಮಾರಿದ್ರ ಲಾಸು. ಮೊದಲ ವರ್ಷ ಲಾಸ್ ಆತು, ಹೋದ ವರ್ಷ ಫ್ರೀಜರ್ ರೊಕ್ಕ ವಾಪಸ್ ಬಂತು, ಈ ವರ್ಷ ಕಂಬದ್ದೂ ಬರ್ತೈತಿ.

ಸಿಹಿ ಎಲ್ಲಿಂದ ಅಂತ ಎಲ್ಲಾರೂ ಕೇಳ್ತಾರ. ಹಣ್ಣು ಕೀಳಬ್ಯಾಡ್ರಿ, ತಾನ ಬೀಳಲಿ, ಬಿದ್ದಿದ್ದನ್ನ ಆರಿಸಿ ಸಿಪ್ಪಿ ಸುಕ್ಕಾಗೂ ತನಕ ಗಾಳ್ಯಾಡೋ ಕಡೆ ಇಡ್ರಿ, ಹುಳಿ ಇಳೀತೈತಿ. ಗಿರಾಕಿ ಸುಕ್ಕಿದ ಹಣ್ಣು ನೋಡಿ ಹಳೇದು ಅಂತಾರ, ಅದಕ್ಕ ಹಣ್ಣು ಮಾರೂದನ್ನ ಬಿಟ್ಟು ತಿರುಳು ಮಾರೂದು. ಕಾವೇರಿ ಹಳದಿ ಎಷ್ಟಕ್ಕೆಷ್ಟು ಕೂಡಸ್ತೀನಿ, ಜೋಡಿಗೆ ಇನ್ನೊಂದು ಹಣ್ಣು ಯಾವುದು, ಅದನ್ನ ಇಲ್ಲಿ ಬರಿಯೂದಿಲ್ಲ, ಸಿಟ್ಟಾಗಬ್ಯಾಡ್ರಿ.

ಖರೇ ಫಾಯ್ದೆ ಕಂಡದ್ದು ಕುಡದದ್ದಕ್ಕಲ್ಲ, ಉಪ್ಪಿನ ಬದ್ಲಿ ಬಳಸಿದ್ದಕ್ಕ. ಡಬ್ಲ್ಯುಎಚ್‌ಒ ದಿನಕ್ಕ ಉಪ್ಪು 5 ಗ್ರಾಂ ಒಳಗಿರಲಿ ಅಂತೈತಿ, ನಮ್ಮ ಊಟದಾಗ ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿ, ಸಂಜಿಗೆ ಗಿರಮಿಟ್ ಮಿರ್ಚಿ, ಎಲ್ಲಿ ನಿಲ್ತೈತ್ರಿ? ಹುಳಿ ಇದ್ರ ಉಪ್ಪು ಕಮ್ಮಿ ಆದದ್ದು ನಾಲಿಗಿಗೆ ಹತ್ತೂದಿಲ್ಲ. ಹಂಗಂತ ಸೌತಿಕಾಯಿ, ಗಜ್ಜರಿ, ಮೆಂತ್ಯೆ ಪಲ್ಲೆದ ಪಚಡಿಗೆ ತಿರುಳಿನ ಒಂದು ಗಡ್ಡೆ ಕರಗಿಸಿ ಹಾಕಿದ್ವಿ, ಉಪ್ಪು ಅರ್ಧ ಇಳಿಸಿದ್ರೂ ರೊಟ್ಟಿ ಜೋಡಿ ಯಾರೂ ಉಪ್ಪು ಕೇಳಲಿಲ್ಲ. ಉಪ್ಪಿನಕಾಯಿ ಭರಣಿ ಊಟದ ಜಾಗದಿಂದ ಒಳಗ ಹೋತು. ಸಾರಿಗೆ ಹಾಕಿ ನೋಡಿದ್ವಿ, ಕುದ್ದು ಏನೋ ವಿಚಿತ್ರ ಆಗಿ ಅಷ್ಟೂ ಸಾರು ಚೆಲ್ಲಬೇಕಾತು. ಸಿಪ್ಪಿ ಒಣಗಿಸಿ ಪುಡಿ ಮಾಡಿ ಮಸರಿಗೆ ಹಾಕೂ ಪ್ರಯೋಗನೂ ಆತು, ಬ್ರೆಜಿಲ್‌ನ್ಯಾಗ ಹಂಗ ಪುಡಿ ಮಾಡಿ ತಿಂತಾರ, ಪೆಕ್ಟಿನ್ ಐತಿ, ಕೆಟ್ಟ ಕೊಲೆಸ್ಟ್ರಾಲಿಗೆ ಕರಗೋ ನಾರು ಬೇಕಂತಾರಲ್ಲ ಅದ. ಆದ್ರ ನಮ್ಮದು ಕಹಿ ಬಂತು, ಮನ್ಯಾಗ ಯಾರೂ ಮುಟ್ಟಲಿಲ್ಲ, ಅದಕ್ಕ ಅಗಸಿ ಚಟ್ನಿನ ಚಲೋ. ಹಸರ ಕಾಯಿ ಸಿಪ್ಪಿ ಮಾತ್ರ ಯಾರೂ ಪ್ರಯೋಗ ಮಾಡಬ್ಯಾಡ್ರಿ, ಕಾಯಿಯೊಳಗ ಸೈನೈಡ್ ಬಿಡೋ ಅಂಶ ಇರ್ತೈತಿ.

ನನ್ನ ಬಿಪಿ ಗುಳಿಗಿ ತಗೊಂಡ್ರೂ ಮ್ಯಾಲಿಂದು 150ರ ಆಸುಪಾಸು ಇರ್ತಿತ್ತು, ಈಗ 130ರ ಸುತ್ತ ಐತಿ. ಇದರಾಗ ಹಣ್ಣಿನ ಪಾಲೆಷ್ಟು, ಉಪ್ಪಿನ ಪಾಲೆಷ್ಟು, ವಾಕಿಂಗ್ ಪಾಲೆಷ್ಟು? ಎರಡು ಹಣ್ಣಿನ ತಿರುಳು ಅಂದ್ರ ಐವತ್ತು ಗ್ರಾಂ ಆಗೂದು ಕಷ್ಟ, ಅದರಾಗ ಬರೋ ಪೊಟ್ಯಾಶಿಯಂ ಒಂದು ಬಾಳೆಹಣ್ಣಿನ ಅರ್ಧಕ್ಕೂ ಕಮ್ಮಿ. ಅದಕ್ಕ ಹೆಚ್ಚಿಂದು ಉಪ್ಪಿಂದ ಅಂತ ನನ್ನ ಲೆಕ್ಕ, ಉಪ್ಪು ಬಿಡಿಸಿದ್ದು ಈ ಹಣ್ಣು. ಗುಳಿಗಿ ಬಿಟ್ಟಿಲ್ಲ, ಡಾಕ್ಟ್ರು ಬಿಡು ಅಂದಿಲ್ಲ.

ಡಬ್ಬಿ ಕೊಡೂಮುಂದ ನಾ ಒಂದು ಪ್ರಶ್ನೆ ಕೇಳ್ತೀನಿ, ಕಿಡ್ನಿ ತೊಂದ್ರೆ ಐತೇನ್ರಿ ಅಂತ. ಕಿಡ್ನಿ ತೊಂದ್ರೆ ಇದ್ದವ್ರಿಗೆ ಪೊಟ್ಯಾಶಿಯಂ ಮೈಯಾಗ ಉಳಿದು ಹಾರ್ಟಿನ ಬಡಿತಾನ ಕೆಡಿಸಬಹುದು, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಅನ್ನೋ ಬಿಪಿ ಗುಳಿಗಿ ನುಂಗೋವ್ರಿಗೂ ಪೊಟ್ಯಾಶಿಯಂ ಏರಬಹುದು, ಅಂಥವ್ರು ದಿನಾ ಶುರು ಮಾಡೂಕಿಂತ ಮೊದ್ಲ ಡಾಕ್ಟ್ರನ್ನ ಕೇಳಬೇಕು. ಹಂಗ ಕೇಳಿ ಮೂರ್ನಾಕು ಗಿರಾಕಿ ಕಳಕೊಂಡೀನಿ. ಡಬ್ಬಿ ಮ್ಯಾಲೆ ಹಾರ್ಟಿಗೆ ಮದ್ದು ಅಂತ ಬರದ್ರ ಇನ್ನೂ ಐವತ್ತು ಡಬ್ಬಿ ಹೋಗ್ತಿದ್ವು ಅಂತಾನ ಕಾಕಾ. ನಾ ಬರದದ್ದು ಇಷ್ಟ: ಸಕ್ಕರಿ ಹಾಕಿಲ್ಲ, ಉಪ್ಪು ಹಾಕಿಲ್ಲ, ಬೀಜ ಐತಿ, ಅಗದು ತಿನ್ರಿ.

ಬಳ್ಳಿ ಚಾಟಣಿ (ಸವರೂದು) ಆದಮ್ಯಾಲೆ ಕಡ್ಡಿ ಉಳೀತಾವು, ಬೇಕಾದವ್ರು ಬಂದು ಒಯ್ಯಬಹುದು. ಹಳದಿ ಒಯ್ಯೋವ್ರು ಎರಡು ಬ್ಯಾರೆ ಬಳ್ಳೀದು ಒಯ್ರಿ, ಒಂದ ಬಳ್ಳೀದ ಕಡ್ಡಿ ಹತ್ತು ಹಚ್ಚಿದ್ರೂ ಕಾಯಿ ಬಿಡೂದಿಲ್ಲ.